ದೂರು ಬಗೆಹರಿದಿದೆ, ಯಂತ್ರ ಮಾತ್ರ ಕೆಟ್ಟಿದೆ

ಬಟ್ಟೆ ಒಗೆಯುವ ಯಂತ್ರವು ಒಡಲ ತುಂಬ ನೀರು ತುಂಬಿಕೊಂಡು, ಬಾಗಿಲು ಬಿಗಿದುಕೊಂಡು, ಪರದೆಯ ಮೇಲೆ ಅರ್ಥವಾಗದ ಒಂದು ದೋಷಸಂಕೇತವನ್ನು ಮಿನುಗಿಸುತ್ತ ನಿಂತಿರುವ ಹೊತ್ತಿಗೇ ಮೊಬೈಲಿಗೆ ಬರುವ ಆ ಸಂದೇಶವನ್ನು ಕಾಣದ ಮನೆ ಈಗ ಅಪರೂಪ. ‘ಮಾನ್ಯ ಗ್ರಾಹಕರೇ, ನಿಮ್ಮ ದೂರನ್ನು ಯಶಸ್ವಿಯಾಗಿ ಪರಿಹರಿಸಲಾಗಿದೆ. ನಮ್ಮ ಸೇವೆಗೆ ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀರಿ?’ ಸಂದೇಶವು ಮನುಷ್ಯರಿಗೆ ತಲುಪುತ್ತದೆಯೇ ಹೊರತು ಯಂತ್ರಕ್ಕೆ ತಲುಪಿಸುವ ಏರ್ಪಾಡು ಇನ್ನೂ ಆಗಿಲ್ಲವಾದ್ದರಿಂದ, ಪಾಪ, ತನ್ನ ದೋಷ ನಿವಾರಣೆಯಾದ ಸಂಗತಿ ತಿಳಿಯದೆ ಯಂತ್ರವು ಕೆಟ್ಟೇ ಇರುತ್ತದೆ.

ಇದನ್ನು ಸುಳ್ಳೆಂದು ಕರೆದರೆ ಕಂಪನಿಗೆ ಅನ್ಯಾಯವಾದೀತು. ಅವರ ಗಣಿತವೇ ಬೇರೆ. ಒಂದೇ ಯಂತ್ರವು ಒಂದೇ ಕಾರಣಕ್ಕೆ ಐದು ಸಲ ನಿಂತರೆ ನಾವು ಅದನ್ನು ಐದು ಸಲ ಕೆಟ್ಟ ಒಂದು ಯಂತ್ರವೆಂದು ಎಣಿಸುತ್ತೇವೆ. ಕಂಪನಿಯ ಕಂಪ್ಯೂಟರಿನಲ್ಲಿ ಅದು ಐದು ಪ್ರತ್ಯೇಕ ದೂರು, ಐದು ಪ್ರತ್ಯೇಕ ಸಂಖ್ಯೆ, ಐದು ಪ್ರತ್ಯೇಕ ಪರಿಹಾರ, ಫಲಿತಾಂಶ ನೂರಕ್ಕೆ ನೂರು. ಪ್ರತಿ ಸಲ ಫೋನು ಮಾಡಿದಾಗಲೂ ಆ ಕಡೆಯ ಮಧುರ ಕಂಠವು ನಮ್ಮ ಹೆಸರು, ವಿಳಾಸ, ಮಾದರಿಯ ಸಂಖ್ಯೆ, ಕೊಂಡ ದಿನಾಂಕಗಳನ್ನು ಮೊದಲಿನಿಂದ ಕೇಳಿ ಬರೆದುಕೊಳ್ಳುವುದರ ಹಿಂದಿನ ತತ್ವವೂ ಇದೇ. ಅವರ ದೃಷ್ಟಿಯಲ್ಲಿ ದೋಷವು ಪ್ರತಿ ಸಲ ಹೊಸದಾಗಿ ಹುಟ್ಟುತ್ತದೆ, ಹಿಂದಿನ ಜನ್ಮದ ನೆನಪು ಅದಕ್ಕಿರುವುದಿಲ್ಲ. ಈ ಲೆಕ್ಕದಲ್ಲಿ ಹತ್ತು ವರ್ಷ ಸುಮ್ಮನೆ ಓಡಿದ ಯಂತ್ರದಿಂದ ಸೇವಾ ವಿಭಾಗಕ್ಕೆ ಯಾವ ಕೀರ್ತಿಯೂ ಇಲ್ಲ. ತಿಂಗಳಿಗೊಮ್ಮೆ ನಿಲ್ಲುವ ಯಂತ್ರವೇ ಅದರ ಹೆಮ್ಮೆಯ ಮಗು.

ದೂರು ಮುಚ್ಚಬೇಕಾದರೆ ನಮ್ಮ ಮೊಬೈಲಿಗೆ ಬರುವ ಒಂದು ಒಟಿಪಿಯನ್ನು ನಾವೇ ಟೆಕ್ನಿಷಿಯನ್‌ಗೆ ಹೇಳಬೇಕೆಂಬ ವ್ಯವಸ್ಥೆ ಬಂದಾಗ, ಇನ್ನು ಮೋಸ ನಡೆಯದೆಂದು ನಂಬಿದವರಲ್ಲಿ ನಾನೂ ಒಬ್ಬ. ಈಗ ನಡೆಯುವುದೇನೆಂದರೆ, ಆತ ಬಂದು ಪ್ಲಗ್ಗು ಕಿತ್ತು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಚುಚ್ಚಿ, ಯಂತ್ರ ಒಮ್ಮೆ ಗುರ್ರೆಂದ ಕೂಡಲೇ ಒಟಿಪಿ ಕೇಳುತ್ತಾನೆ. ಬಿಡಿಭಾಗ ತರಿಸಬೇಕಿದ್ದರೂ ಮೊದಲು ಒಟಿಪಿ, ಆಮೇಲೆ ಬಿಡಿಭಾಗ. ‘ಕೊಡದಿದ್ದರೆ ನನ್ನ ದುಡ್ಡು ಹಿಡೀತಾರೆ ಸರ್, ಹತ್ತಕ್ಕೆ ಹತ್ತು ಹಾಕಿಬಿಡಿ’ ಎಂದು ಆತ ಮುಖ ಚಿಕ್ಕದು ಮಾಡಿಕೊಂಡಾಗ ಕೊಡದೆ ಇರುವಷ್ಟು ಕಲ್ಲುಮನಸ್ಸು ಯಾರಿಗಿದೆ? ಆತ ಎಷ್ಟೋ ವೇಳೆ ಕಂಪನಿಯ ನೌಕರನೂ ಅಲ್ಲ. ಗುತ್ತಿಗೆಯ ಸೇವಾ ಕೇಂದ್ರದಿಂದ ಬಂದು, ಮುಚ್ಚಿದ ದೂರಿಗೆ ಇಂತಿಷ್ಟೆಂದು ಎಣಿಸಿಕೊಳ್ಳುವವನು. ಸರಿಯಾದ ಯಂತ್ರ ಕೊಡಲಾಗದ ಕಂಪನಿಯು ಬಡಪಾಯಿಯ ಸಂಬಳವನ್ನು ಗ್ರಾಹಕರ ಮುಂದೆ ಒತ್ತೆಯಿಟ್ಟು ಅಂಕ ಗಿಟ್ಟಿಸಿಕೊಳ್ಳುವ ಈ ಉಪಾಯವನ್ನು ಕಂಡುಹಿಡಿದವರ ಬುದ್ಧಿಯನ್ನು ಯಂತ್ರ ತಯಾರಿಸುವ ವಿಭಾಗದಲ್ಲಿ ಬಳಸಿಕೊಂಡಿದ್ದರೆ ಈ ಅಂಕಣವೇ ಬೇಕಾಗುತ್ತಿರಲಿಲ್ಲ.

ಇನ್ನು ರೋಗನಿದಾನದ ವಿಷಯ. ಯಂತ್ರ ಕೆಡಲು ನೂರು ಕಾರಣಗಳಿದ್ದರೂ ಅವೆಲ್ಲವೂ ಗ್ರಾಹಕನ ಮನೆಯಲ್ಲೇ ಇರುತ್ತವೆ. ವೋಲ್ಟೇಜು ಏರಿಳಿಯುತ್ತದೆ. ನೀರು ಗಡಸು. ಒಳಗೆ ಜಿರಳೆ ಹೊಕ್ಕಿದೆ. ಬಟ್ಟೆ ಹೆಚ್ಚು ತುಂಬಿದ್ದೀರಿ, ಅಥವಾ ತೀರ ಕಡಿಮೆ ಹಾಕಿ ತೂಕ ತಪ್ಪಿಸಿದ್ದೀರಿ. ಸೋಪಿನ ಪುಡಿ ಜಾಸ್ತಿಯಾಯಿತು. ದಿನವೂ ಬಳಸಿ ಸವೆಸಿದ್ದೀರಿ, ಅಥವಾ ಬಹಳ ದಿನ ಬಳಸದೆ ಬಿಟ್ಟು ಕೆಡಿಸಿದ್ದೀರಿ. ಸ್ಟೆಬಿಲೈಸರ್ ಬೇಕಿಲ್ಲವೆಂದು ದೊಡ್ಡ ಅಕ್ಷರಗಳಲ್ಲಿ ಅಚ್ಚಾದ ಪೆಟ್ಟಿಗೆಯಿಂದ ಹೊರಬಂದ ಫ್ರಿಜ್ಜಿಗೆ ಸ್ಟೆಬಿಲೈಸರ್ ಹಾಕಿಸದಿರುವುದೇ ಮೊದಲ ಅಪರಾಧವಾಗುತ್ತದೆ. ಗಡಸು ನೀರಿನಲ್ಲೂ ಸೊಗಸಾಗಿ ಒಗೆಯುತ್ತದೆಂದು ಜಾಹೀರಾತಿನಲ್ಲಿ ಕುಣಿದ ಯಂತ್ರವು ನಮ್ಮ ಮನೆಯ ಗಡಸು ನೀರನ್ನು ಮಾತ್ರ ತಾಳಲಾರದು, ಅದಕ್ಕೆಂದೇ ಕಂಪನಿ ತಯಾರಿಸಿದ ಪುಡಿಯ ಪೊಟ್ಟಣಗಳು ಟೆಕ್ನಿಷಿಯನ್‌ನ ಚೀಲದಲ್ಲಿ ಸದಾ ಸಿದ್ಧವಾಗಿರುತ್ತವೆ. ಬೇಕಾದ ಬಿಡಿಭಾಗವೊಂದು ಆ ಚೀಲದಲ್ಲಿ ಸಿಕ್ಕಿದ್ದನ್ನು ಕಂಡವರಿಲ್ಲ. ಪುಡಿ ಮುಗಿದುಹೋದದ್ದನ್ನೂ ಕಂಡವರಿಲ್ಲ.

ವಾರಂಟಿ ಕಾರ್ಡನ್ನು ಓದುವ ಸುಖ ಬಲ್ಲವರೇ ಬಲ್ಲರು. ಮೋಟಾರಿಗೆ ಹತ್ತು ವರ್ಷವೆಂದು ಬಾಗಿಲಿಗೇ ಅಂಟಿಸಿರುತ್ತಾರೆ. ಇಂದಿನ ಬ್ರಷ್ ಇಲ್ಲದ ಮೋಟಾರುಗಳಲ್ಲಿ ಸವೆಯುವುದಕ್ಕೆ ಹೆಚ್ಚೇನೂ ಇಲ್ಲವಾದ್ದರಿಂದ ಅವು ಸುಲಭಕ್ಕೆ ಕೆಡುವುದಿಲ್ಲ, ಕೆಡದಿರುವುದಕ್ಕೆ ಹತ್ತು ವರ್ಷದ ಭರವಸೆ ಕೊಡುವುದರಲ್ಲಿ ಯಾವ ಔದಾರ್ಯ ಖರ್ಚಾಗುತ್ತದೋ ತಿಳಿಯದು. ಗುಡುಗು ಸಿಡಿಲಿನ ಕಾಲದಲ್ಲಿ, ತೇವದಲ್ಲಿ, ವಿದ್ಯುತ್ತು ಹೋಗಿ ಬರುವ ಹೊಡೆತದಲ್ಲಿ ಸುಟ್ಟುಹೋಗುವುದು ಆ ಮೋಟಾರನ್ನು ಆಳುವ ಸರ್ಕಿಟ್ ಬೋರ್ಡು. ಅದಕ್ಕೆ ವರ್ಷವೋ ಎರಡು ವರ್ಷವೋ. ಪ್ಲಾಸ್ಟಿಕ್ಕು, ರಬ್ಬರು, ಗಾಜುಗಳಿಗೆ ಅದೂ ಇಲ್ಲ. ಅವನ್ನೆಲ್ಲ ಕಳೆದರೆ ಯಂತ್ರದಲ್ಲಿ ಉಳಿಯುವುದೆಂದರೆ ತಗಡು ಮತ್ತು ಕಂಪನಿಯ ಹೆಸರು, ಈ ಎರಡೂ ಕೆಟ್ಟ ದೂರು ಈವರೆಗೆ ಕೇಳಿಬಂದಿಲ್ಲ.

ಬಿಡಿಭಾಗಗಳ ಮಾತು ಬಂದಿರುವುದರಿಂದ ಮುಂದಿನಿಂದ ಬಟ್ಟೆ ತುಂಬುವ ಮುಂಬಾಗಿಲಿನ ಯಂತ್ರಗಳ ಬೇರಿಂಗ್‌ನ ವೃತ್ತಾಂತವನ್ನು ಹೇಳದೆ ಮುಂದೆ ಹೋಗಲಾಗದು. ಡ್ರಮ್ಮು ತಿರುಗುವ ಅಚ್ಚಿಗೆ ಆಸರೆಯಾಗಿರುವ ಈ ಉಕ್ಕಿನ ಬಳೆ ಅಂಗೈಯಲ್ಲಿ ಹಿಡಿಸುವಷ್ಟಿರುತ್ತದೆ, ಅದರ ಪಕ್ಕದ ರಬ್ಬರಿನ ಸೀಲು ಸವೆದು ನೀರು ಒಳಸೇರಿದರೆ ತುಕ್ಕು ಹಿಡಿದು ಕಿರುಚತೊಡಗುತ್ತದೆ. ಹಳೆಯ ಯಂತ್ರಗಳಲ್ಲಿ ಹೊರಗಿನ ತೊಟ್ಟಿಯ ಎರಡು ಭಾಗಗಳನ್ನು ತಿರುಪುಗಳಿಂದ ಬಿಗಿದಿರುತ್ತಿದ್ದರು, ತಿರುಪು ಬಿಚ್ಚಿ ಬೇರಿಂಗ್ ಬದಲಿಸುವುದು ಸಾಮಾನ್ಯ ಮೆಕ್ಯಾನಿಕ್ಕಿಗೂ ಸಾಧ್ಯವಿತ್ತು. ಈಗಿನ ಎಷ್ಟೋ ಮಾದರಿಗಳಲ್ಲಿ ಆ ಎರಡು ಭಾಗಗಳನ್ನು ಕರಗಿಸಿ ಒಂದಾಗಿ ಬೆಸೆದುಬಿಟ್ಟಿರುತ್ತಾರೆ. ಅಲ್ಲಿಗೆ ಬೇರಿಂಗ್ ಹೋದರೆ ತೊಟ್ಟಿ, ಡ್ರಮ್ಮು ಎಲ್ಲವನ್ನೂ ಒಟ್ಟಿಗೆ ಬದಲಿಸಬೇಕು. ಅದರ ಬೆಲೆ ಕೇಳಿದ ಮೇಲೆ ಹೊಸ ಯಂತ್ರವೇ ಮೇಲೆಂದು ಟೆಕ್ನಿಷಿಯನ್ನೇ ಹಿತವಚನ ನುಡಿಯುತ್ತಾನೆ, ವಿನಿಮಯದ ರಿಯಾಯಿತಿಯ ವಿವರವನ್ನೂ ಹೇಳುತ್ತಾನೆ. ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತೆಂದರೆ ಕಾಲನ್ನೇ ಬದಲಿಸಿಕೊಳ್ಳಿ ಎನ್ನುವ ವೈದ್ಯಕೀಯವಿದು. ರಿಪೇರಿಯ ಹಕ್ಕು ಗ್ರಾಹಕನಿಗಿದೆಯೆಂದು ಸಾರಲು ಕೇಂದ್ರ ಸರ್ಕಾರವು 2022ರ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕರ ದಿನದಂದೇ, ಒಂದು ಜಾಲತಾಣವನ್ನು ತೆರೆದಿದೆ. ಅದು ಬಹಳ ಒಳ್ಳೆಯ ಕೆಲಸ. ಆದರೆ ಬೆಸೆದ ತೊಟ್ಟಿಯನ್ನು ಜಾಲತಾಣದಿಂದ ಬಿಚ್ಚಲು ಬರುವುದಿಲ್ಲ.

ಕಾನೂನಿನ ಮಟ್ಟಿಗೆ ನಮ್ಮಷ್ಟು ಭಾಗ್ಯವಂತರು ಕಡಿಮೆ. 1986ರಲ್ಲೇ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದಿತು. ಅದು ಹಳತಾಯಿತೆಂದು 2019ರಲ್ಲಿ ಹೊಸದನ್ನು ಮಾಡಿದರು, ಅದು 2020ರ ಜುಲೈಯಿಂದ ಜಾರಿಯಲ್ಲಿದೆ. ಗುಣಮಟ್ಟದಲ್ಲಿ, ಪ್ರಮಾಣದಲ್ಲಿ, ಶುದ್ಧತೆಯಲ್ಲಿ ಯಾವುದೇ ಕೊರತೆಯಿದ್ದರೂ ಅದು ದೋಷವೇ ಎನ್ನುವಷ್ಟು ಉದಾರವಾದ ವ್ಯಾಖ್ಯೆ ಅದರಲ್ಲಿದೆ. ಐದು ಲಕ್ಷ ರೂಪಾಯಿವರೆಗಿನ ವಸ್ತುವಿನ ಬಗ್ಗೆ ದೂರು ಕೊಡಲು ಶುಲ್ಕವಿಲ್ಲ. ಕಂಪನಿ ಎಲ್ಲೇ ಇರಲಿ, ನಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ವಕೀಲರು ಬೇಕಿಲ್ಲ. ಇಷ್ಟೆಲ್ಲ ಕೊಟ್ಟ ಕಾಯ್ದೆಯು ಒಂದನ್ನು ಮಾತ್ರ ಹೇಳುವುದಿಲ್ಲ, ಅದೇನೆಂದರೆ ಒಂದು ವಸ್ತು ಎಷ್ಟು ಸಲ ಕೆಟ್ಟರೆ ಇನ್ನು ರಿಪೇರಿ ಸಾಕು, ಹಣ ವಾಪಸು ಎನ್ನಬಹುದು ಎಂಬ ಸಂಖ್ಯೆ. ಬ್ರಿಟನ್ನಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯಲ್ಲಿ ಮಾರಿದವನಿಗೆ ರಿಪೇರಿಗೆ ಸಿಗುವುದು ಒಂದೇ ಅವಕಾಶ. ಆಮೇಲೂ ದೋಷ ಉಳಿದರೆ ವಸ್ತುವನ್ನು ಮರಳಿಸಿ ಹಣ ಕೇಳುವ ಹಕ್ಕು ಕೊಂಡವನದು. ನಾವು ಅಷ್ಟು ಒರಟರಲ್ಲ. ಕ್ಷಮೆ ನಮ್ಮ ಸಂಸ್ಕಾರ, ಅದಕ್ಕೆ ಲೆಕ್ಕವಿಡುವುದು ಅಸಭ್ಯತೆ.

ಆಯೋಗದವರೆಗೂ ಏಕೆ ಹೋಗಬೇಕು, 1915ಕ್ಕೆ ಫೋನು ಮಾಡಿ ಎನ್ನುತ್ತಾರೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯು ಕನ್ನಡದಲ್ಲೂ ಮಾತಾಡುತ್ತದೆ, ದೂರನ್ನು ತಾಳ್ಮೆಯಿಂದ ದಾಖಲಿಸಿಕೊಳ್ಳುತ್ತದೆ, ಮತ್ತು ಅದನ್ನು ಬಹಳ ಜವಾಬ್ದಾರಿಯಿಂದ ಕಂಪನಿಗೇ ಕಳಿಸಿಕೊಡುತ್ತದೆ. ತೀರ್ಪು ಕೊಡುವ ಅಧಿಕಾರ ಅದಕ್ಕಿಲ್ಲ. ಎಷ್ಟೋ ದೂರುಗಳು ಇಷ್ಟರಿಂದಲೇ ಮುಗಿಯುತ್ತವೆ ಎಂಬುದು ನಿಜ, ಅಲ್ಲಗಳೆಯುವುದಿಲ್ಲ. ಆದರೆ ಪ್ಲಗ್ಗು ಕಿತ್ತು ಚುಚ್ಚುವುದನ್ನೇ ಪರಿಹಾರವೆಂದು ಬರೆದುಕೊಳ್ಳುವ ಕಂಪನಿಯ ಕೈಗೆ ದೂರು ಸಿಕ್ಕರೆ ಉತ್ತರವೂ ಅದೇ ಧಾಟಿಯಲ್ಲಿ ಬರುತ್ತದೆ. ಯಾರ ಮೇಲೆ ದೂರೋ ಅವರೇ ಅದನ್ನು ಪರಿಶೀಲಿಸಿ ತಮ್ಮ ತಪ್ಪಿಲ್ಲವೆಂದು ಕಂಡುಕೊಳ್ಳುತ್ತಾರೆ. ಇತ್ತ ‘ಜಾಗೋ ಗ್ರಾಹಕ್ ಜಾಗೋ’ ಎಂದು 2005ರಿಂದಲೂ ಎಬ್ಬಿಸುತ್ತಲೇ ಇದ್ದಾರೆ. ಬೆಳಿಗ್ಗೆ ಹತ್ತರಿಂದ ಸಂಜೆ ಆರರೊಳಗೆ ಯಾವಾಗಲಾದರೂ ಬರುತ್ತೇನೆಂದ ಟೆಕ್ನಿಷಿಯನ್‌ಗಾಗಿ ಕೆಲಸಕ್ಕೆ ರಜೆ ಹಾಕಿ ಕೂತವನಿಗೆ ನಿದ್ದೆ ಎಲ್ಲಿಂದ ಬರಬೇಕು?

ಆಯೋಗಕ್ಕೆ ಹೋದರೆ ಏನಾಗುತ್ತದೆ ಎಂಬುದನ್ನು ಇನ್ನು ತಮಾಷೆಯಾಗಿ ಬರೆಯುವ ಉತ್ಸಾಹ ನನಗೆ ಉಳಿದಿಲ್ಲ. ಎದುರಾಳಿಗೆ ನೋಟಿಸು ತಲುಪಿದ ದಿನದಿಂದ ಮೂರು ತಿಂಗಳಲ್ಲಿ, ವಸ್ತುವಿನ ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ, ದೂರನ್ನು ತೀರ್ಮಾನಿಸಲು ಯತ್ನಿಸಬೇಕೆಂದು ಕಾಯ್ದೆಯ 38ನೇ ಕಲಂ ಹೇಳುತ್ತದೆ. ಸಕಾರಣವಿಲ್ಲದೆ ಸಾಮಾನ್ಯವಾಗಿ ಮುಂದೂಡಬಾರದೆಂದೂ, ಮುಂದೂಡಿದರೆ ಕಾರಣ ಬರೆದಿಡಬೇಕೆಂದೂ ಅಲ್ಲೇ ಇದೆ. ಈ ತಿಂಗಳುಗಳು ವರ್ಷಗಳಾಗುವುದನ್ನು ಯಾವ ಜಿಲ್ಲೆಯ ಆಯೋಗದ ಮುಂದೆ ಕೂತವರನ್ನು ಕೇಳಿದರೂ ಹೇಳುತ್ತಾರೆ. ಕಂಪನಿಯ ವಕೀಲರು ಬಂದು ಮೊದಲು ಕೇಳುವ ಪ್ರಶ್ನೆ ಒಂದೇ: ಇದು ತಯಾರಿಕೆಯ ದೋಷವೆನ್ನಲು ತಜ್ಞರ ವರದಿ ಎಲ್ಲಿದೆ? ಪ್ರಯೋಗಾಲಯಕ್ಕೆ ಕಳಿಸಬಹುದು, ಅದಕ್ಕೂ ಕಾಯ್ದೆಯಲ್ಲಿ ದಾರಿಯಿದೆ, ಪರೀಕ್ಷೆಯ ಶುಲ್ಕವನ್ನು ದೂರು ಕೊಟ್ಟವರೇ ಕಟ್ಟಬೇಕಾಗಬಹುದು. ಯಂತ್ರವನ್ನು ರೂಪಿಸಿದವರು ಅವರು, ನಕ್ಷೆ ಇರುವುದು ಅವರಲ್ಲಿ, ಅದೇ ಬೋರ್ಡು ಊರೂರಲ್ಲಿ ಎಷ್ಟು ಸಲ ಸುಟ್ಟಿದೆಯೆಂಬ ದಾಖಲೆ ಇರುವುದೂ ಅವರಲ್ಲೇ. ಆದರೂ ದೋಷವನ್ನು ಸಾಬೀತು ಮಾಡಬೇಕಾದವರು, ಅದರ ಹಿಂಬದಿಯ ತಗಡನ್ನು ಎಂದೂ ಬಿಚ್ಚಿ ನೋಡದವರು. ಒಂದೇ ಭಾಗವನ್ನು ವರ್ಷದೊಳಗೆ ಮತ್ತೆ ಮತ್ತೆ ಬದಲಿಸಿದ್ದಾರೆಂದರೆ ಅದಕ್ಕಿಂತ ದೊಡ್ಡ ತಜ್ಞರ ವರದಿ ಇನ್ಯಾವುದು ಬೇಕು? ಬದಲಿಸಿದವರು ಅವರದೇ ತಜ್ಞರಲ್ಲವೇ?

ಅದನ್ನು ತೋರಿಸಲು ನಮ್ಮ ಕೈಯಲ್ಲಿರುವುದು ಮಾಡಿದ ಕೆಲಸವನ್ನು ಬರೆದಿಡುವ ಜಾಬ್ ಶೀಟು ಒಂದೇ. ಹಿಂದೆ ಟೆಕ್ನಿಷಿಯನ್ ಬಂದು ಹೋದಾಗ ಕಾರ್ಬನ್ ಹಾಳೆಯ ಒಂದು ಪ್ರತಿಯನ್ನಾದರೂ ಹರಿದುಕೊಡುತ್ತಿದ್ದ. ಈಗ ಅದು ಅವನ ಮೊಬೈಲಿನಲ್ಲಿದೆ, ‘ಮೇಲ್ ಬರುತ್ತೆ ಸರ್’ ಎನ್ನುತ್ತಾನೆ. ಬಂದರೂ ಅದರಲ್ಲಿ ಬೋರ್ಡು ಬದಲಿಸಿದ ಮಾತಿನ ಬದಲು ‘ಸಾಮಾನ್ಯ ತಪಾಸಣೆ ಮಾಡಿ ಬಳಕೆಯ ವಿಧಾನವನ್ನು ಗ್ರಾಹಕರಿಗೆ ತಿಳಿಸಿಕೊಡಲಾಯಿತು’ ಎಂದಿರುತ್ತದೆ. ಪದವೀಧರರಿಬ್ಬರು ವಾಸಿಸುವ ಮನೆಯಲ್ಲಿ ಬಟನ್ ಒತ್ತುವುದನ್ನು ತಿಂಗಳಿಗೊಮ್ಮೆ ಹೇಳಿಕೊಟ್ಟು ಹೋಗಿದ್ದಾರೆಂಬ ದಾಖಲೆಯನ್ನು ನೋಡಿದ ನ್ಯಾಯಾಧೀಶರು ಯಾರ ಬಗ್ಗೆ ಮರುಕಪಟ್ಟಾರು? ಆದ್ದರಿಂದ ಒಟಿಪಿ ಹೇಳುವ ಮೊದಲು ಆ ಹಾಳೆಯಲ್ಲಿ ಏನಿದೆಯೆಂದು ಓದಿ, ತೆಗೆದ ಭಾಗದ ಹೆಸರು ಬರೆಸಿ, ಅದರ ಫೋಟೊ ತೆಗೆದಿಟ್ಟುಕೊಳ್ಳಿ. ದಾವೆಯ ಕಾರಣ ಹುಟ್ಟಿದ, ಅಂದರೆ ದೂರಿಗೆ ಕಾರಣವಾದ ಸಂಗತಿ ನಡೆದ, ಎರಡು ವರ್ಷದೊಳಗೆ ಆಯೋಗಕ್ಕೆ ಹೋಗಬೇಕು. ‘ಇದೊಂದು ಸಲ ನೋಡೋಣ ಸರ್’ ಎನ್ನುವ ಪ್ರತಿ ಭೇಟಿಯೂ ಆ ಎರಡು ವರ್ಷವನ್ನೇ ತಿನ್ನುತ್ತಿರುತ್ತದೆ.

ಈ ನಡುವೆಯೇ ವಾರಂಟಿ ಮುಗಿಯಲು ತಿಂಗಳಿದೆಯೆನ್ನುವಾಗ ಕಂಪನಿಯಿಂದ ಇನ್ನೊಂದು ಕರೆ ಬರುತ್ತದೆ. ನಮ್ಮ ದೂರಿನ ಸಂಖ್ಯೆ ನೆನಪಿಲ್ಲದವರಿಗೆ ವಾರಂಟಿಯ ಕೊನೆಯ ದಿನಾಂಕ ಮಾತ್ರ ಬಾಯಿಪಾಠವಾಗಿರುತ್ತದೆ. ‘ಮುಂದೆ ಬೋರ್ಡು ಹೋದರೆ ತುಂಬ ಖರ್ಚಾಗುತ್ತೆ ಸರ್, ಮೂರು ವರ್ಷಕ್ಕೆ ವಿಸ್ತರಿಸಿಕೊಂಡುಬಿಡಿ’ ಎಂದು ಆ ಕಡೆಯವರು ಕಳಕಳಿಯಿಂದ ಹೇಳುತ್ತಾರೆ. ಬೋರ್ಡು ಹೋಗುತ್ತದೆಂಬುದು ಅವರಿಗೆ ಗೊತ್ತು. ಆಯೋಗದಲ್ಲಿ ತಜ್ಞರ ವರದಿ ಕೇಳುವ ಕಂಪನಿಯೇ ಫೋನಿನಲ್ಲಿ ಯಾವ ವರದಿಯೂ ಇಲ್ಲದೆ ತನ್ನ ಯಂತ್ರದ ಭವಿಷ್ಯ ನುಡಿಯುತ್ತದೆ, ಆ ಭವಿಷ್ಯವನ್ನು ನಮಗೇ ಮಾರುತ್ತದೆ. ಆ ಕರೆಯನ್ನು ರೆಕಾರ್ಡ್ ಮಾಡಿ ದೂರಿನ ಜೊತೆ ಲಗತ್ತಿಸಿದರೆ ಹೇಗೆಂದು ನನಗೆ ಆಗಾಗ ಅನಿಸುವುದುಂಟು.

ಗೆದ್ದವರೂ ಇದ್ದಾರೆ. ದೋಷ ಸರಿಪಡಿಸಿ, ಇಲ್ಲವೇ ಯಾವ ದೋಷವೂ ಇಲ್ಲದ ಅದೇ ಬಗೆಯ ಹೊಸ ವಸ್ತು ಕೊಡಿ, ಇಲ್ಲವೇ ಹಣ ಮರಳಿಸಿ, ಪರಿಹಾರವನ್ನೂ ಕೊಡಿ ಎಂದು ಆಯೋಗ ಆದೇಶಿಸಬಹುದು. ಪಾಲಿಸದಿದ್ದರೆ ಒಂದು ತಿಂಗಳಿನಿಂದ ಮೂರು ವರ್ಷದವರೆಗೆ ಸೆರೆಮನೆ, ಅಥವಾ 25,000 ರೂಪಾಯಿಯಿಂದ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ ಎಂದು 72ನೇ ಕಲಂ ಗುಡುಗುತ್ತದೆ. ಕಂಪನಿ ಮೇಲ್ಮನವಿಗೆ ಹೋಗುವುದಾದರೆ ಆದೇಶವಾದ ಮೊತ್ತದ ಅರ್ಧವನ್ನು ಮೊದಲು ಕಟ್ಟಬೇಕು, ಒಂದು ಬಟ್ಟೆ ಯಂತ್ರದ ಬೆಲೆಯ ಅರ್ಧ ಅದರ ವಕೀಲರ ಕಾರಿನ ಬಾಡಿಗೆಗೆ ಸಮನಾದೀತು. ಇಷ್ಟೆಲ್ಲ ಆದ ಮೇಲೆ ಆ ಮಾದರಿ ಈಗ ತಯಾರಾಗುತ್ತಿಲ್ಲವೆಂದು ಇನ್ನೊಂದು ಯಂತ್ರವನ್ನು ತಂದು ಇಳಿಸುತ್ತಾರೆ. ವಾರಂಟಿ ಕಾರ್ಡಿನ ತೀರ ಕೆಳಗಿನ ಸಾಲಿನಲ್ಲಿ, ಬದಲಿ ಕೊಟ್ಟ ಯಂತ್ರಕ್ಕೆ ಹಳೆಯ ಯಂತ್ರದ ವಾರಂಟಿಯಲ್ಲಿ ಉಳಿದಿರುವ ದಿನಗಳಷ್ಟೇ ಅನ್ವಯವೆಂದು ಮೊದಲೇ ಬರೆದಿರುತ್ತದೆ. ಪ್ರಕರಣ ನಡೆಯುತ್ತಿದ್ದಾಗಲೇ ಆ ದಿನಗಳು ಮುಗಿದಿರುವುದರಿಂದ, ಹೊಸ ಯಂತ್ರವು ವಾರಂಟಿ ಕಳೆದುಕೊಂಡೇ ಪೆಟ್ಟಿಗೆಯಿಂದ ಹೊರಬರುತ್ತದೆ.