ಎಚ್‌ಐವಿ ಇರುವ ಮಕ್ಕಳ ತೂಕವಷ್ಟೇ ಅಲ್ಲ, ಎತ್ತರವನ್ನೂ ಅಳೆಯಿರಿ

ಹುಟ್ಟಿನಿಂದಲೇ ಎಚ್‌ಐವಿ ಇರುವ ಮಗು ವಯಸ್ಸಿಗೆ ತಕ್ಕಂತೆ ಬೆಳೆಯದಿದ್ದರೆ ಮನೆಯವರಿಗೆ ಮೊದಲು ಅನುಮಾನ ಬರುವುದು ಗುಳಿಗೆಯ ಮೇಲೆ. ಬಾಗಲಕೋಟೆ ಕಡೆಯ ಅಜ್ಜಿಯೊಬ್ಬರು, ಹದಿನೈದು ತುಂಬಿದ ಮೊಮ್ಮಗಳನ್ನು ಹೊರಗೆ ಕೂರಿಸಿ ಬಂದು, "ನಮ್ಮ ಹುಡುಗಿ ಇನ್ನೂ ದೊಡ್ಡಾಕಿ ಆಗಿಲ್ರೀ, ಈ ಗುಳಿಗಿ ಬಿಡಿಸಿದ್ರ ಆಗ್ತಾಳೇನ್ರೀ?" ಎಂದು ನನ್ನನ್ನು ಕೇಳಿದ್ದರು. ಗುಳಿಗೆ ಬಿಡಿಸಿದ್ದರೆ ಆಕೆಯ ಬೆಳವಣಿಗೆ ಇನ್ನಷ್ಟು ಕುಂಠಿತವಾಗುತ್ತಿತ್ತು.

ಏಕೆಂದರೆ ಬೆಳವಣಿಗೆಯನ್ನು ಮುಖ್ಯವಾಗಿ ತಡೆಯುವುದು ವೈರಸ್ಸೇ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಬೆಳವಣಿಗೆಯ ಹಾರ್ಮೋನನ್ನು ಸ್ರವಿಸುತ್ತದೆ. ಅದರ ಪ್ರಭಾವದಿಂದ ಯಕೃತ್ತು ಐಜಿಎಫ್-1 ಎಂಬ ಇನ್ನೊಂದು ಹಾರ್ಮೋನನ್ನು ತಯಾರಿಸುತ್ತದೆ. ಇವುಗಳ ಬಲದಿಂದ ಎಲುಬಿನ ತುದಿಯ ಮೃದ್ವಸ್ಥಿ ಬೆಳೆದು ಮಗು ಎತ್ತರವಾಗುತ್ತದೆ. ವೈರಸ್ ಹತೋಟಿಗೆ ಬಾರದೆ ದೇಹದಲ್ಲಿ ಉರಿಯೂತ ಸದಾ ಉಳಿದರೆ ಯಕೃತ್ತು ಆ ಹಾರ್ಮೋನಿಗೆ ಸರಿಯಾಗಿ ಸ್ಪಂದಿಸುವುದಿಲ್ಲ, ಹಾಗಾಗಿ ರಕ್ತದಲ್ಲಿ ಬೆಳವಣಿಗೆಯ ಹಾರ್ಮೋನ್ ಸಾಕಷ್ಟಿದ್ದರೂ ಮಗು ಗಿಡ್ಡವಾಗಿಯೇ ಉಳಿಯಬಹುದು. ದುಬಾರಿ ಹಾರ್ಮೋನ್ ಇಂಜೆಕ್ಷನ್ನಿಗೆ ಸಾಲ ಮಾಡಲು ಹೊರಟವರಿಗೆ ನಾನು ಹೇಳುವುದಿಷ್ಟೇ: ಮೊದಲು ವೈರಲ್ ಲೋಡ್, ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆ ಎಂಬುದನ್ನು ನೋಡಿಸಿ. ಮೈನೆರೆಯುವ ವಿಷಯವೂ ಇದೇ ಬಗೆಯದು. ದೀರ್ಘಕಾಲದ ಕಾಯಿಲೆ ಮತ್ತು ಅಪೌಷ್ಟಿಕತೆಯಿಂದಾಗಿ ಅಂಡಾಶಯ, ವೃಷಣಗಳಿಗೆ ಮಿದುಳಿನಿಂದ ಬರಬೇಕಾದ ಸೂಚನೆ ತಡವಾಗುತ್ತದೆ.

ಚಿಕಿತ್ಸೆ ಬೇಗ ಶುರುವಾದ ಮಕ್ಕಳು ಕಳೆದುಕೊಂಡ ಬೆಳವಣಿಗೆಯನ್ನು ಬಹುಮಟ್ಟಿಗೆ ತುಂಬಿಕೊಳ್ಳುತ್ತಾರೆ. ಹತ್ತು ದಾಟಿದ ಮೇಲೆ ಶುರುವಾದವರಿಗೆ ತೂಕ ಬಂದರೂ ಎತ್ತರ ಪೂರ್ತಿ ಬರುವುದು ಕಷ್ಟ. ನಮ್ಮಲ್ಲಿ ಸರ್ಕಾರದ ಉಚಿತ ಎಆರ್‌ಟಿ (ಎಚ್‌ಐವಿಯನ್ನು ಹತೋಟಿಯಲ್ಲಿಡುವ ಔಷಧ ಚಿಕಿತ್ಸೆ) ಬಂದದ್ದು 2004ರಲ್ಲಿ, ಮಕ್ಕಳಿಗೆಂದೇ ಕಾರ್ಯಕ್ರಮ ಬಂದದ್ದು 2006ರಲ್ಲಿ. ಅದಕ್ಕೂ ಮೊದಲು ಹುಟ್ಟಿ ಬದುಕುಳಿದ ಎಷ್ಟೋ ಮಂದಿ ಇಂದಿಗೂ ಗಿಡ್ಡವಾಗಿರುವುದಕ್ಕೆ ಆ ವಿಳಂಬವೂ ಕಾರಣ.

ಔಷಧಗಳಲ್ಲಿ ದೋಷವೇ ಇಲ್ಲವೆಂದು ನಾನು ಹೇಳಲಾರೆ. ಕೆನ್ನೆಯ ಕೊಬ್ಬನ್ನು ಕರಗಿಸುತ್ತಿದ್ದ ಸ್ಟಾವುಡಿನ್ ಈಗ ಬಳಕೆಯಲ್ಲಿಲ್ಲ. ಎಫಾವಿರೆಂಜ್ ತೆಗೆದುಕೊಳ್ಳುವ ಕೆಲವು ಹುಡುಗರಿಗೆ ಎದೆ ಊದಿಕೊಳ್ಳುವುದುಂಟು; ಅವರು ಅದನ್ನು ಯಾರಿಗೂ ಹೇಳದೆ ಅಂಗಿಯ ಮೇಲೊಂದು ಅಂಗಿ ತೊಟ್ಟು ಶಾಲೆಗೆ ಹೋಗುತ್ತಾರೆ. ಇನ್ನೊಂದು ಅಪಾಯವನ್ನಂತೂ ಹೊರಗಿನ ವೈದ್ಯರೂ ಗಮನಿಸಬೇಕು. ರಿಟೊನಾವಿರ್ ಇರುವ ಔಷಧ ತೆಗೆದುಕೊಳ್ಳುತ್ತಿರುವ ಮಗುವಿಗೆ ಉಬ್ಬಸಕ್ಕೆಂದು ಫ್ಲುಟಿಕಾಸೋನ್ ಇನ್‌ಹೇಲರ್ ಕೊಟ್ಟರೆ ಆ ಸ್ಟೀರಾಯ್ಡ್ ದೇಹದಲ್ಲಿ ಸಂಗ್ರಹವಾಗುತ್ತದೆ. ಮುಖ ದುಂಡಗಾಗಿ, ಎತ್ತರ ನಿಂತು, ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯೇ ತನ್ನ ಕೆಲಸ ನಿಲ್ಲಿಸಬಹುದು. ಕಾಯಿಲೆಯನ್ನು ಮುಚ್ಚಿಟ್ಟು ಬೇರೆ ವೈದ್ಯರ ಬಳಿ ಹೋಗುವ ಕುಟುಂಬಗಳಲ್ಲಿ ಇದು ನಡೆಯುತ್ತದೆ, ಮುಚ್ಚಿಡುವಂತೆ ಮಾಡಿದ ಸಮಾಜದ ಪಾಲೂ ಅದರಲ್ಲಿದೆ.

ನಾನು ಕಂಡ ಕಡೆಗಳಲ್ಲಿ ಮಗುವಿನ ತೂಕವನ್ನು ತಪ್ಪದೆ ನೋಡುತ್ತಾರೆ, ಏಕೆಂದರೆ ಗುಳಿಗೆಯ ಪ್ರಮಾಣ ನಿಂತಿರುವುದೇ ಅದರ ಮೇಲೆ. ಎತ್ತರದ ಕಾಲಂ ಮಾತ್ರ ಖಾಲಿ ಉಳಿಯುತ್ತದೆ, ಇಲ್ಲವೇ ಹಿಂದಿನ ಅಂಕಿಯನ್ನೇ ನಕಲು ಮಾಡಿರುತ್ತಾರೆ. ಪ್ರತಿ ಭೇಟಿಯಲ್ಲೂ ಚಪ್ಪಲಿ ಬಿಡಿಸಿ, ಹಿಮ್ಮಡಿಯನ್ನು ಗೋಡೆಗೆ ತಾಗಿಸಿ ನಿಲ್ಲಿಸಿ ಅಳೆಯಲು ಎರಡು ನಿಮಿಷವೂ ಬೇಡ. 13 ತುಂಬಿದ ಹುಡುಗಿಯಲ್ಲಿ ಸ್ತನದ ಬೆಳವಣಿಗೆ ಕಾಣದಿದ್ದರೆ, 14 ತುಂಬಿದ ಹುಡುಗನಲ್ಲಿ ವೃಷಣ ದೊಡ್ಡದಾಗಲು ಶುರುವಾಗದಿದ್ದರೆ, ಥೈರಾಯ್ಡ್ ಮತ್ತು ವಿಟಮಿನ್ ಡಿ ಪರೀಕ್ಷೆ ಮಾಡಿಸಿ, ಎಲುಬಿನ ವಯಸ್ಸು ತಿಳಿಯಲು ಎಡಗೈಯ ಎಕ್ಸ್‌ರೇ ತೆಗೆಸಿ, ಹಾರ್ಮೋನ್ ತಜ್ಞರ ಬಳಿ ಕಳುಹಿಸಬೇಕು. ಈ ತಪಾಸಣೆಯನ್ನು ಬಾಗಿಲು ಹಾಕಿದ ಕೋಣೆಯಲ್ಲಿ, ಮಗುವಿನ ಒಪ್ಪಿಗೆ ಪಡೆದೇ ಮಾಡಬೇಕು. ಏನು ಕಂಡುಬಂತೆಂಬುದನ್ನು ಪಾಲಕರಿಗಷ್ಟೇ ಪಿಸುಗುಟ್ಟದೆ, ಅದರ ವಯಸ್ಸಿಗೆ ಅರ್ಥವಾಗುವ ಮಾತಿನಲ್ಲಿ ಮಗುವಿಗೇ ತಿಳಿಸಬೇಕು.