ಪ್ಯಾಕೆಟ್ ಬೇಡ, ಕೊತ್ತಂಬರಿ ಕಟ್ಟು ಸಾಕು

ಗಿನಿಪಿಗ್ ಸಾಕಿರುವವರಿಗೆ ಒಂದು ಮಾತು. ಪೆಟ್ ಶಾಪಿನಲ್ಲಿ ಟ್ರೀಟ್ ಅಂತ ಮಾರುವ ಪ್ಯಾಕೆಟ್‌ಗಳಿಗೆ ದುಡ್ಡು ಸುರಿಯಬೇಡಿ. ಪ್ಯಾಕೆಟ್ ಮೇಲೆ ಮುದ್ದಾದ ಗಿನಿಪಿಗ್ ಫೋಟೊ ಇರುತ್ತದೆ, ನಿಜ. ಒಳಗಿರುವುದು ಮಾತ್ರ ಅದರ ಹೊಟ್ಟೆಗೆ ಆಗಿಬರುವಂಥದ್ದಲ್ಲ. ಸಕ್ಕರೆ ಬೆರೆಸಿದ ಯೋಗರ್ಟ್ ಗುಳಿಗೆ, ಜೇನು ಹಚ್ಚಿ ಕಾಳು ಅಂಟಿಸಿದ ಕಡ್ಡಿ, ಬಣ್ಣಬಣ್ಣದ ಬಿಸ್ಕತ್ತು. ಒಂದು ಅಂಗಡಿಯಲ್ಲಿ ಕೇಳಿಯೇ ಬಿಟ್ಟೆ, "ಇದರಲ್ಲಿ ಹಾಲಿನ ಪುಡಿ ಇದೆಯಲ್ಲಪ್ಪ, ಹುಲ್ಲು ತಿನ್ನೋ ಪ್ರಾಣಿಗೆ ಇದು ಯಾಕೆ?" ಅಂತ. "ಎಲ್ಲರೂ ತಗೊಂಡು ಹೋಗ್ತಾರೆ ಮೇಡಂ, ಏನೂ ಆಗಲ್ಲ" ಅಂದ ಹುಡುಗ. ಅವನನ್ನು ಬೈದು ಏನು ಪ್ರಯೋಜನ, ಮಾಲೀಕರು ತಂದಿಟ್ಟಿದ್ದನ್ನು ಮಾರುತ್ತಾನೆ.

ಗಿನಿಪಿಗ್ ಮೂಲತಃ ದಕ್ಷಿಣ ಅಮೆರಿಕದ ಆಂಡಿಸ್ ಪರ್ವತದ ಕಡೆಯದು. ಹುಲ್ಲು ತಿಂದೇ ಬದುಕಿದ ಜೀವ. ದಿನದ ಊಟದಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಒಣಹುಲ್ಲೇ ಇರಬೇಕು. ಅದರ ಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತವೆ, ಹುಲ್ಲು ಅಗಿದರೇನೇ ಸವೆಯುವುದು. ಆ ನಾರನ್ನು ಜೀರ್ಣ ಮಾಡುವ ಸೂಕ್ಷ್ಮಜೀವಿಗಳು ಕರುಳಿನಲ್ಲಿ ಇರುತ್ತವೆ. ಸಕ್ಕರೆ, ಹಿಟ್ಟಿನ ಅಂಶ ಜಾಸ್ತಿ ಹೋದರೆ ಅಲ್ಲಿನ ವ್ಯವಸ್ಥೆಯೇ ಕೆಡುತ್ತದೆ. ಭೇದಿ ಆಗಬಹುದು, ಹೊಟ್ಟೆ ಉಬ್ಬರಿಸಬಹುದು. ತಿಂದದ್ದು ಆಗದಿದ್ದರೆ ಕಕ್ಕಿ ಹಗುರಾಗೋಣ ಅಂದರೆ ಇವಕ್ಕೆ ವಾಂತಿ ಮಾಡಲೂ ಬರುವುದಿಲ್ಲ.

ಹಾಗಂತ ಬರೀ ಹುಲ್ಲು ಹಾಕಿ ಕೂತರೂ ಆಗುವುದಿಲ್ಲ. ನಮ್ಮ ಹಾಗೆ ಇವಕ್ಕೂ ಮೈಯಲ್ಲಿ ವಿಟಮಿನ್ ಸಿ ತಯಾರಾಗುವುದಿಲ್ಲ, ಊಟದಿಂದಲೇ ಬರಬೇಕು. ಒಂದು ಕಿಲೋ ತೂಕದ ಪ್ರಾಣಿಗೆ ದಿನಕ್ಕೆ ಸುಮಾರು 10ರಿಂದ 30 ಮಿಲಿಗ್ರಾಂ ಬೇಕು. ಸಿಗದಿದ್ದರೆ ಸ್ಕರ್ವಿ ಬರುತ್ತದೆ. ಕೀಲು ನೋವು, ಕೂದಲು ಕೆದರುವುದು, ಮಂಕಾಗಿ ಮೂಲೆ ಹಿಡಿಯುವುದು. ಮೊಲದ ಪೆಲೆಟ್ (ಹುಲ್ಲಿನ ಪುಡಿ ಒತ್ತಿ ಮಾಡಿದ ಗುಳಿಗೆಯಂಥ ಮೇವು) ಅಗ್ಗ ಅಂತ ಇವಕ್ಕೆ ಹಾಕಬೇಡಿ ಅನ್ನುವುದು ಇದಕ್ಕೇ. ಮೊಲದ ಮೈ ಆ ವಿಟಮಿನ್ ತಾನೇ ಮಾಡಿಕೊಳ್ಳುತ್ತದೆ, ಹಾಗಾಗಿ ಅದರ ಪೆಲೆಟ್‌ಗೆ ಸೇರಿಸಿರುವುದಿಲ್ಲ. ಗಿನಿಪಿಗ್ ಪೆಲೆಟ್‌ನಲ್ಲಿ ಸೇರಿಸಿರುತ್ತಾರೆ, ಆದರೆ ದಿನ ಕಳೆದಂತೆ ಅದರ ಸತ್ವ ಇಳಿಯುತ್ತದೆ. ದೊಡ್ಡ ಚೀಲ ತಂದು ಆರು ತಿಂಗಳು ಇಟ್ಟುಕೊಂಡರೆ ಬರೀ ಹೊಟ್ಟು ಹಾಕಿದಂತಾಯಿತು, ಅಲ್ವಾ?

ನನ್ನ ಪ್ರಕಾರ ಟ್ರೀಟ್ ಅಂದರೆ ಮೊದಲು ದೊಣ್ಣೆ ಮೆಣಸಿನಕಾಯಿ. ನೂರು ಗ್ರಾಂ ಕೆಂಪು ಕ್ಯಾಪ್ಸಿಕಂನಲ್ಲಿ ನೂರಕ್ಕೂ ಹೆಚ್ಚು ಮಿಲಿಗ್ರಾಂ ವಿಟಮಿನ್ ಸಿ ಇರುತ್ತದೆ. ಅಂದರೆ ಎರಡು ಬೆರಳಗಲದ ಒಂದು ಹೋಳಿನಲ್ಲೇ ದಿನದ ಲೆಕ್ಕ ಹೆಚ್ಚುಕಮ್ಮಿ ಮುಗಿಯಿತು. ಕೆಂಪಿಗೆ ರೇಟು ಜಾಸ್ತಿ, ಹಸಿರಿನದೂ ನಡೆಯುತ್ತದೆ. ಆಮೇಲೆ ಕೊತ್ತಂಬರಿ. ನಾವು ಸಾರಿಗೆ ಎಲೆ ಬಿಡಿಸಿಕೊಂಡು ಎಸೆಯುವ ದಂಟು ಇದೆಯಲ್ಲ, ಅದೇ ಇವಕ್ಕೆ ಪ್ರಾಣ. ನಮ್ಮ ಗಿನಿಪಿಗ್ ಸುಬ್ಬಿ ದಂಟಿನ ಒಂದು ತುದಿ ಕಚ್ಚಿ ಹಿಡಿದಳೆಂದರೆ ಮಕ್ಕಳು ಶಾವಿಗೆ ಎಳೆದುಕೊಂಡ ಹಾಗೆ ಪೂರ್ತಿ ಒಳಗೆ ಹೋಗುತ್ತದೆ, ಕೈ ಬಳಸುವುದೇ ಇಲ್ಲ. ಅವಳ ಜೊತೆಗಾರ ಗುಂಡ ಪಕ್ಕದಲ್ಲಿದ್ದರೆ ಇನ್ನೊಂದು ತುದಿಯಿಂದ ಶುರು ಮಾಡುತ್ತಾನೆ. ಮೂಗಿಗೆ ಮೂಗು ತಾಗಿದಾಗ ಜಗಳ. ಫ್ರಿಜ್ ಬಾಗಿಲು ತೆಗೆದ ಸದ್ದಿಗೇ ಇಬ್ಬರೂ ಕೀ ಕೀ ಅಂತ ಮನೆ ತಲೆ ಮೇಲೆ ಹೊತ್ತುಕೊಳ್ಳುತ್ತಾರೆ.

ಸೌತೆಕಾಯಿ ಹೋಳು ಬೇಸಿಗೆಗೆ ಒಳ್ಳೆಯದು, ಆದರೆ ಬಹುಪಾಲು ನೀರೇ. ಕ್ಯಾರೆಟ್‌ನಲ್ಲಿ ಸಿಹಿ ಇದೆ, ದಿನಾ ಬೇಡ. ಪಾಲಕ್‌ನಲ್ಲಿ ಮೂತ್ರದಲ್ಲಿ ಕಲ್ಲು ಕಟ್ಟಿಸಬಲ್ಲ ಆಕ್ಸಲೇಟ್ ಜಾಸ್ತಿ, ಅಪರೂಪಕ್ಕೆ ಎರಡು ಎಲೆ ಸಾಕು. ಕೋಸು ಕೊಟ್ಟರೆ ಗ್ಯಾಸ್. ಹಣ್ಣು ವಾರಕ್ಕೆ ಒಂದೆರಡು ಸಲ, ಹೆಬ್ಬೆರಳಿನ ಉಗುರಿನಷ್ಟು. ಸೇಬಿನ ಬೀಜ ತೆಗೆದಿರಲಿ. ಸೀಬೆಹಣ್ಣಿನಲ್ಲಿ ವಿಟಮಿನ್ ಸಿ ತುಂಬ ಇದೆ, ಸಕ್ಕರೆಯೂ ಇದೆ, ಹಾಗಾಗಿ ಅದೂ ಚೂರೇ. ನೆಲ್ಲಿಕಾಯಿಯಲ್ಲಿ ಇನ್ನೂ ಜಾಸ್ತಿ ಅಂತ ಗುಂಡನ ಮುಂದೆ ಇಟ್ಟೆ. ಒಂದು ಸಲ ಮೂಸಿ, ಸೀನಿ, ಬೆನ್ನು ತಿರುಗಿಸಿ ಕೂತ.

ಕೊಡಲೇಬಾರದ್ದು: ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಬೆಣ್ಣೆಹಣ್ಣು, ಚಾಕೊಲೇಟ್, ಟೊಮೇಟೊ ಗಿಡದ ಎಲೆ-ಕಾಂಡ. ಬಾಲ್ಕನಿಯ ಮನಿಪ್ಲಾಂಟ್ ಕೂಡ ವಿಷವೇ. ಅನ್ನ, ಚಪಾತಿ, ಬಿಸ್ಕತ್ತು ವಿಷ ಅಲ್ಲ, ಆದರೆ ಅವುಗಳ ಊಟವೂ ಅಲ್ಲ.

ನಿಜವಾದ ತಲೆನೋವು ಹಬ್ಬಗಳದ್ದು. ಸಂಕ್ರಾಂತಿಗೆ ಎಳ್ಳು ಬೀರಲು ಬರುವ ಮಕ್ಕಳು ಮೊದಲು ಓಡುವುದೇ ಪಂಜರದ ಹತ್ತಿರ. ಕಡಲೆಕಾಯಿ ಬೀಜ, ಕೊಬ್ಬರಿ, ಹುರಿಗಡಲೆ, ಬೆಲ್ಲ. ಈ ನಾಲ್ಕರಲ್ಲಿ ಒಂದೂ ಆಗುವುದಿಲ್ಲ, ಕಬ್ಬಿನ ತುಂಡೂ ಆಗುವುದಿಲ್ಲ. "ಪಾಪ ಆಂಟಿ, ಅದಕ್ಕೂ ಹಬ್ಬ ಅಲ್ವಾ" ಅಂತ ಕೇಳುತ್ತವೆ. ಬೇಡ ಅಂದರೆ ಮುಖ ಸಣ್ಣ ಮಾಡಿಕೊಳ್ಳುತ್ತವೆ. ಅದಕ್ಕೆ ನಾನು ತೊಳೆದ ಕೊತ್ತಂಬರಿ ದಂಟನ್ನು ಒಂದು ತಟ್ಟೆಯಲ್ಲಿ ಪಂಜರದ ಪಕ್ಕ ಇಟ್ಟಿರುತ್ತೇನೆ. ಕೊಡುವ ಖುಷಿ ಮಕ್ಕಳಿಗೆ, ತಿನ್ನುವ ಖುಷಿ ಇವಕ್ಕೆ. ಗಣೇಶನ ಹಬ್ಬ ಮಾತ್ರ ಸಲೀಸು. ಗರಿಕೆ ಇವಕ್ಕೆ ಚೆನ್ನಾಗಿ ಆಗುತ್ತದೆ. ಪೂಜೆಯದ್ದಲ್ಲ, ಅದರ ಮೇಲೆ ಕುಂಕುಮ ಬಿದ್ದಿರುತ್ತದೆ. ಬೇರೆ ತೆಗೆದಿಟ್ಟು ತೊಳೆದದ್ದು. ಕಡುಬು ಗಣಪನಿಗೇ ಇರಲಿ. ಪಾರ್ಕಿನ ಹುಲ್ಲು ಕಿತ್ತು ತರುವವರಿದ್ದಾರೆ, ಅಲ್ಲಿ ಔಷಧಿ ಹೊಡೆದಿರುತ್ತಾರೆ, ನಾಯಿಗಳು ಓಡಾಡಿರುತ್ತವೆ, ಬೇಡ. ಮೆಷಿನ್‌ನಲ್ಲಿ ಕತ್ತರಿಸಿದ ಹುಲ್ಲಿನ ರಾಶಿಯಂತೂ ಬೇಗ ಬಿಸಿಯಾಗಿ ಹುಳಿಯುತ್ತದೆ.

ಯಾವುದೇ ಹೊಸ ಸೊಪ್ಪು ಶುರು ಮಾಡುವಾಗ ಒಂದೇ ಒಂದು, ಚೂರೇ ಚೂರು. ಮಾರನೇ ದಿನ ಹಿಕ್ಕೆ ಗಟ್ಟಿಯಾಗಿದೆಯಾ ಅಂತ ನೋಡಿ ಆಮೇಲೆ ಜಾಸ್ತಿ ಮಾಡಿ.

ಕೈಯಿಂದಲೇ ತಿನ್ನಿಸಿ ಅಂತ ನಾನು ಹೇಳುವುದಕ್ಕೆ ಮುದ್ದು ಒಂದೇ ಕಾರಣ ಅಲ್ಲ. ದೊಡ್ಡ ಪ್ರಾಣಿಗಳ ಬಾಯಿಗೆ ಬೀಳುವ ಭಯದಲ್ಲಿ ಬೆಳೆದ ಜಾತಿ ಇದು, ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತದೆ. ದಂಟು ಹತ್ತಿರ ಹಿಡಿದರೆ ಬಾಯಿಗೆ ತೆಗೆದುಕೊಂಡು ಬೀಳಿಸಿತು ಅಂದರೆ ಹಲ್ಲಿನ ತೊಂದರೆ ಇರಬಹುದು. ಮೂಸಿಯೂ ನೋಡಲಿಲ್ಲ, ಹುಲ್ಲೂ ಮುಟ್ಟಿಲ್ಲ ಅಂದರೆ ನಾಳೆ ನೋಡೋಣ ಅನ್ನಬೇಡಿ. ಒಂದು ದಿನ ಹೊಟ್ಟೆ ಖಾಲಿ ಬಿದ್ದರೂ ಇವುಗಳ ಕರುಳು ನಿಂತುಹೋಗಬಹುದು. ನಾಯಿ-ಬೆಕ್ಕು ನೋಡುವ ಡಾಕ್ಟರೆಲ್ಲ ಗಿನಿಪಿಗ್ ನೋಡುವುದಿಲ್ಲ. ನೋಡುವವರು ನಿಮ್ಮೂರಲ್ಲಿ ಯಾರಿದ್ದಾರೆ ಅಂತ ಈಗಲೇ ವಿಚಾರಿಸಿ ನಂಬರ್ ಬರೆದಿಟ್ಟುಕೊಳ್ಳಿ.