ದೀರ್ಘಾಯುಷ್ಯದ ವಂಶವಾಹಿ: ಮಲೆನಾಡಿನಲ್ಲಿ ಹುಡುಕಬೇಕೇ?

ಪರ

ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಸೊಂಟ, ಮಂಡಿ ಹಿಡಿದು ಜನರು ನೆಲ ಹಿಡಿದಾಗ ಮೊದಲು ದೂರಿದ್ದು ಗದ್ದೆಯ ಏಡಿಯನ್ನು ಮತ್ತು ಕೀಟನಾಶಕವನ್ನು; ಕುಟುಂಬಗಳ ವಂಶಾವಳಿಯನ್ನು ಬಿಡಿಸಿ ನೋಡಿದ ಮೇಲೆ ಅದು ತಲೆಮಾರಿನಿಂದ ತಲೆಮಾರಿಗೆ ಇಳಿದುಬರುವ ಕಾಯಿಲೆಯೆಂದು ತಿಳಿಯಿತು. ರೋಗದ ಮೂಲವನ್ನು ಮನೆತನದಲ್ಲಿ ಅರಸಬಹುದಾದರೆ, ತೊಂಬತ್ತು ದಾಟಿಯೂ ಅಡಿಕೆ ಸುಲಿಯುವವರಿರುವ ಮನೆತನಗಳಲ್ಲಿ ಆರೋಗ್ಯದ ಮೂಲವನ್ನೇಕೆ ಅರಸಬಾರದು?

ಹವಾಯಿಯ ಜಪಾನೀ ಮೂಲದ ಗಂಡಸರಲ್ಲಿ ಫಾಕ್ಸೋ3 ವಂಶವಾಹಿಯ ಒಂದು ರೂಪಕ್ಕೂ ದೀರ್ಘಾಯುಷ್ಯಕ್ಕೂ ನಂಟಿರುವುದು 2008ರಲ್ಲಿ ಕಂಡುಬಂತು. ಮುಂದೆ ಜರ್ಮನಿಯ ಶತಾಯುಷಿಗಳಲ್ಲೂ ಅದೇ ನಂಟು ಸಿಕ್ಕಿತು. ಈ ಹುಡುಕಾಟದ ಗುರಿ ನೂರು ವರ್ಷ ಬದುಕಿಸುವ ಗುಳಿಗೆಯೆಂದು ಭಾವಿಸಬೇಕಿಲ್ಲ. ಪಿಸಿಎಸ್‌ಕೆ9 ವಂಶವಾಹಿ ಹುಟ್ಟಿನಿಂದಲೇ ಕೆಲಸ ಮಾಡದವರಲ್ಲಿ ಕೆಟ್ಟ ಕೊಲೆಸ್ಟರಾಲ್ ಕಡಿಮೆಯಿದ್ದು ಹೃದ್ರೋಗವೂ ವಿರಳವೆಂದು ಗೊತ್ತಾದದ್ದರಿಂದಲೇ, ಅದರ ಪ್ರೋಟೀನನ್ನು ತಡೆಯುವ ಔಷಧಿಗಳು 2015ರಲ್ಲಿ ಬಳಕೆಗೆ ಬಂದವು. ಇಂಥ ಅಧ್ಯಯನಗಳು ಬಹುಪಾಲು ಯುರೋಪಿನ ಮೂಲದವರ ಮೇಲೆ ನಡೆದಿರುವುದರಿಂದ, ಒಳಗೊಳಗೇ ಮದುವೆಯಾಗುವ ನಮ್ಮ ಸಮುದಾಯಗಳಲ್ಲಿ ಬೇರೆಡೆ ಅಪರೂಪವಾದ ರೂಪಗಳು ಸಿಗುವ ಸಾಧ್ಯತೆಯೂ ಇದೆ.

ವಿರೋಧ

ಮೊದಲ ತೊಡಕು ವಯಸ್ಸಿನದೇ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. 1964ರಲ್ಲಿ ಲಿಂಗನಮಕ್ಕಿಯ ನೀರು ಊರು ಮುಳುಗಿಸುವ ಹೊತ್ತಿಗೆ ತನಗೆ ಎರಡು ಮಕ್ಕಳಾಗಿದ್ದವೆಂದು ಲೆಕ್ಕ ಹೇಳುವ ಅಜ್ಜಿಗೆ ಎಂಬತ್ತಮೂರೋ ತೊಂಬತ್ತೈದೋ ಎಂದು ತೀರ್ಮಾನಿಸುವವರು ಯಾರು? ದೀರ್ಘಾಯುಷ್ಯದ ಅಧ್ಯಯನದಲ್ಲಿ ಹತ್ತು ವರ್ಷದ ತಪ್ಪೆಂದರೆ ಅಧ್ಯಯನವೇ ತಪ್ಪಿದಂತೆ.

ದಾಖಲೆ ನೆಟ್ಟಗಿದ್ದ ಕಡೆಯೂ ಎಡವಿದ್ದುಂಟು. ವಂಶವಾಹಿಗಳಲ್ಲಿನ ನೂರೈವತ್ತು ಗುರುತುಗಳಿಂದ ಶತಾಯುಷಿಗಳನ್ನು ಗುರುತಿಸಬಹುದೆಂದು 2010ರಲ್ಲಿ ಅಬ್ಬರದಿಂದ ಪ್ರಕಟವಾದ ಪ್ರಬಂಧವನ್ನು, ಪರೀಕ್ಷೆಯ ತಾಂತ್ರಿಕ ದೋಷ ಬಯಲಾದ ಮೇಲೆ, ಬರೆದವರೇ 2011ರಲ್ಲಿ ಹಿಂತೆಗೆದುಕೊಂಡರು. 1870ರಿಂದ 1900ರವರೆಗೆ ಹುಟ್ಟಿದ ಡೆನ್ಮಾರ್ಕಿನ ಅವಳಿಗಳ ಅಧ್ಯಯನ ಆಯುಸ್ಸಿನ ಏರುಪೇರಿನಲ್ಲಿ ವಂಶದ ಪಾಲನ್ನು ಸುಮಾರು ಕಾಲುಭಾಗವೆಂದಿತ್ತು. ರಕ್ತಸಂಬಂಧವಿಲ್ಲದ ಗಂಡಹೆಂಡಿರ, ಬೀಗರ ಆಯುಸ್ಸುಗಳೂ ಒಂದಕ್ಕೊಂದು ಹೋಲುವುದನ್ನು ಲೆಕ್ಕಕ್ಕೆ ತೆಗೆದುಕೊಂಡ 2018ರ ಬೃಹತ್ ವಂಶಾವಳಿ ಅಧ್ಯಯನ ಆ ಪಾಲು ಶೇಕಡಾ 10ಕ್ಕಿಂತಲೂ ಕಡಿಮೆಯಿರಬಹುದೆಂದಿತು. ಉಳಿದದ್ದು ಊಟ, ನೀರು, ದುಡಿಮೆ, ದವಾಖಾನೆಯ ದೂರ, ಜೊತೆಗೊಂದಿಷ್ಟು ಅದೃಷ್ಟ.

ಆ ದೂರದ ಮಾತು ಮಲೆನಾಡಿಗೆ ಹೊಸದಲ್ಲ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆ, ತರಗೆಲೆ ತರಲು ಕಾಡಿಗೆ ಹೋದವರನ್ನು ಇಂದಿಗೂ ಉಣುಗಿನ ಕಡಿತದ ಮೂಲಕ ಹಿಡಿಯುತ್ತಿದೆ. ಹಂದಿಗೋಡಿನ ಉದಾಹರಣೆಯನ್ನು ಎದುರಿನವರೇ ಎತ್ತಿದ್ದಾರೆ. ಆ ನೋವು ವಂಶದ್ದೆಂದು ತಿಳಿದು ದಶಕಗಳೇ ಕಳೆದಿವೆ, ಅದನ್ನು ಗುಣಪಡಿಸುವ ಮದ್ದು ಆ ಮನೆಗಳಿಗೆ ಇನ್ನೂ ಬಂದಿಲ್ಲ.